ಮಾರಿದವರು ಒಬ್ಬರು, ಹಾರಿಸಿದವರು ಇನ್ನೊಬ್ಬರು

ನನ್ನ ಹೊಟ್ಟೆಪಾಡು ಕರಡು ತಿದ್ದುವುದು. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಬರವಣಿಗೆಯಲ್ಲಿ ಬಿಟ್ಟುಹೋದ ಒತ್ತಕ್ಷರ ಹುಡುಕುತ್ತ, ಅಡಿಟಿಪ್ಪಣಿಯ ಸಣ್ಣ ಅಕ್ಷರವನ್ನೂ ಬಿಡದೆ ಓದುತ್ತ ಬಂದವಳು. ಅಂಥವಳ ಕಣ್ಣಿಗೆ ಫೆಬ್ರವರಿಯ ಒಂದು ರಾತ್ರಿ, ವಿಮಾನದ ಟಿಕೆಟ್ ಕೊಳ್ಳುವಾಗ, ಬೂದು ಬಣ್ಣದ ಒಂದು ಸಾಲು ಬೀಳಲೇ ಇಲ್ಲ. ಫ್ಲೈಟ್ ನಂಬರಿನ ಕೆಳಗೆ, ಈ ವಿಮಾನ ನಡೆಸುವವರು ಇಂಥವರು ಎಂದು ಹೇಳುವ ಸಾಲು ಅದು. ಜೂನ್‌ನಿಂದ ಡಿಸೆಂಬರ್‌ವರೆಗೆ ಅದಕ್ಕೆ ದಂಡ ತೆತ್ತಿದ್ದೇನೆ.

ಕಂಪನಿಗಳ ಹೆಸರು ಹೇಳುವುದಿಲ್ಲ. ಆದರೆ ಕರೆಯಲು ಏನಾದರೂ ಬೇಕಲ್ಲ, ಹಾಗಾಗಿ ಟಿಕೆಟ್ ಯಾರ ಹೆಸರಿನಲ್ಲಿತ್ತೋ ಅವರು ‘ಮಾರಿದವರು’. ಯಾರ ವಿಮಾನದಲ್ಲಿ ಕೂರಬೇಕಿತ್ತೋ ಅವರು ‘ಹಾರಿಸಿದವರು’. ನಾನು ದುಡ್ಡು ಕಟ್ಟಿದ ಬುಕಿಂಗ್ ವೆಬ್‌ಸೈಟು ‘ನಡುವಿನವರು’. ಐದಕ್ಕೆ ಎಷ್ಟು ಎಂದು ಮೂವರಿಗೂ ಅಂಕ ಕೊಡುತ್ತೇನೆ. ಅವಸರ ಇರುವವರಿಗೆ ಈಗಲೇ ಹೇಳಿಬಿಡುತ್ತೇನೆ: ಮಾರಿದವರಿಗೆ ಎರಡೂವರೆ, ಹಾರಿಸಿದವರಿಗೆ ನಾಲ್ಕು, ನಡುವಿನವರಿಗೆ ಒಂದು. ಆ ಒಂದು ಕೂಡ ಅವರ ರಸೀದಿ ಅಚ್ಚುಕಟ್ಟಾಗಿತ್ತು ಎಂಬ ಕಾರಣಕ್ಕೆ.

ಟಿಕೆಟ್ ನನಗೂ ಅಮ್ಮನಿಗೂ. ಅಮ್ಮನಿಗೆ ಎಪ್ಪತ್ತನಾಲ್ಕು, ಮಂಡಿನೋವು, ವೀಲ್‌ಚೇರ್ ಬೇಕೇ ಬೇಕು. ಸೆಪ್ಟೆಂಬರಿನಲ್ಲಿ ತಂಗಿಯ ಮನೆಗೆ ಹೋಗಿ ಅಕ್ಟೋಬರ್ ಕೊನೆಗೆ ವಾಪಸ್. ಹೋಗಲು ಮೂರು ವಿಮಾನ. ಮೊದಲನೆಯದು ಮಾರಿದವರದ್ದೇ. ಎರಡನೆಯದು ಒಂಬತ್ತು ಗಂಟೆಯ ಉದ್ದದ ಹಾರಾಟ, ಮೂರನೆಯದು ಒಂದು ಗಂಟೆಯದು. ಇವೆರಡಕ್ಕೂ ನಂಬರು ಮಾರಿದವರದ್ದು, ವಿಮಾನ ಮಾತ್ರ ಹಾರಿಸಿದವರದ್ದು. ಇದಕ್ಕೇ ಕೋಡ್‌ಶೇರ್ ಅನ್ನುವುದು. ಸುಳಿವು ನಂಬರಿನಲ್ಲೇ ಇತ್ತು ಎಂದು ಆಮೇಲೆ ಹೊಳೆಯಿತು. ಮೊದಲ ವಿಮಾನಕ್ಕೆ ಮೂರಂಕಿ, ಉಳಿದೆರಡಕ್ಕೆ ನಾಲ್ಕಂಕಿ. ಪಾಲುದಾರರ ವಿಮಾನಕ್ಕೆ ತಮ್ಮ ನಂಬರು ಅಂಟಿಸುವಾಗ ಕಂಪನಿಗಳು ಸಾಮಾನ್ಯವಾಗಿ ನಾಲ್ಕಂಕಿಯದನ್ನೇ ಕೊಡುತ್ತವೆ.

ಜೂನ್ ಮೊದಲ ವಾರ ಮಾರಿದವರಿಂದ ಒಂದು ಮೇಲ್ ಬಂತು. ‘ನಿಮ್ಮ ಪ್ರಯಾಣದಲ್ಲಿ ಬದಲಾವಣೆಯಾಗಿದೆ’ ಎಂಬ ಒಂದು ಸಾಲು, ಕೆಳಗೆ ‘ಒಪ್ಪಿಗೆ’ ಎಂಬ ದೊಡ್ಡ ಹಸಿರು ಬಟನ್. ಕಾರಣ ಬರೆದಿರಲಿಲ್ಲ. ಕಾರಣ ನನಗೆ ಗೊತ್ತೇ ಇತ್ತು, ಗೊತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಕೆಲವು ವಾರಗಳ ಹಿಂದೆ ಈ ಎರಡು ಕಂಪನಿಗಳು ಜುಲೈನಿಂದ ಕೋಡ್‌ಶೇರ್ ನಿಲ್ಲಿಸುತ್ತವೆ ಎಂಬ ಸುದ್ದಿಯನ್ನು ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಓದಿ, ಯಾರದೋ ವ್ಯವಹಾರ ಎಂದು ಪುಟ ಮಗುಚಿದ್ದೆ. ಅದರೊಳಗೆ ನನ್ನ ಅಮ್ಮನ ಸೀಟೂ ಇದೆ ಎಂದು ಅನ್ನಿಸಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಲ್ಲಿ ಕೂಸು ಯಾರು ಎಂದು ತಿಳಿಯುವುದು ಹಸಿವಾದಾಗಲೇ ಇರಬೇಕು.

ಹೊಸ ದಾರಿ ಹೀಗಿತ್ತು: ಬೇರೆ ಊರಿನಲ್ಲಿ ಇಳಿಯಬೇಕು, ಮಾರಿದವರ ಇನ್ನೊಬ್ಬ ಪಾಲುದಾರನ ವಿಮಾನ ಹತ್ತಬೇಕು, ನಡುವೆ ಸಿಗುವುದು 55 ನಿಮಿಷ, ಅದರಲ್ಲೇ ಟರ್ಮಿನಲ್ ಬದಲಿಸಬೇಕು. ಪ್ರತಿ ವಿಮಾನ ನಿಲ್ದಾಣಕ್ಕೂ ಒಂದು ವಿಮಾನದಿಂದ ಇನ್ನೊಂದಕ್ಕೆ ಹತ್ತಲು ಕನಿಷ್ಠ ಇಷ್ಟು ಹೊತ್ತು ಬೇಕು ಎಂಬ ಲೆಕ್ಕವಿರುತ್ತದೆ. ಕಂಪ್ಯೂಟರಿನ ಆ ಲೆಕ್ಕಕ್ಕೆ 55 ನಿಮಿಷ ಸಾಕಾಗಿತ್ತು. ಅಮ್ಮನ ಮಂಡಿ ಆ ಲೆಕ್ಕದಲ್ಲಿ ಇರಲಿಲ್ಲ.

ಫೋನ್ ಹಿಡಿದೆ. ನಡುವಿನವರು ಹೇಳಿದರು, ಬದಲಾಯಿಸಿದ್ದು ವಿಮಾನ ಕಂಪನಿ, ಅವರನ್ನೇ ಕೇಳಿ. ಮಾರಿದವರು ಹೇಳಿದರು, ಏಜೆಂಟರ ಮೂಲಕ ಕೊಂಡ ಟಿಕೆಟ್ಟು, ಅವರೇ ಮುಟ್ಟಬೇಕು. ಹಾರಿಸಿದವರು ಟಿಕೆಟ್ ನಂಬರಿನ ಮೊದಲ ಮೂರು ಅಂಕಿ ಕೇಳಿ, ಇದು ನಮ್ಮದಲ್ಲ ಎಂದು ವಿನಯದಿಂದಲೇ ಇಟ್ಟರು. ಒಂದು ಮಧ್ಯಾಹ್ನ ಪೂರ್ತಿ ಹೀಗೆ ಹೋಯಿತು. ಹೋಲ್ಡ್‌ನಲ್ಲಿ ಇಡುವಾಗ ಹಾಕುವ ಪಿಯಾನೋ ಮೂವರದ್ದೂ ಒಂದೇ ಥರ ಇರುತ್ತದೆ, ಅದರಲ್ಲಿ ಯಾವ ಒಪ್ಪಂದವೂ ಮುರಿದಂತೆ ಕಾಣಲಿಲ್ಲ.

ಆ ಮೂರು ಅಂಕಿಯ ವಿಷಯ ಮಾತ್ರ ಉಪಕಾರವಾಯಿತು. ವಿಮಾನ ಟಿಕೆಟ್ಟಿಗೆ 13 ಅಂಕಿಯ ನಂಬರಿರುತ್ತದೆ. ನಾವೆಲ್ಲ ಜೋಪಾನ ಮಾಡುವುದು ಆರು ಅಕ್ಷರದ ಪಿಎನ್‌ಆರ್ ಅನ್ನು. ಅದು ಬುಕಿಂಗಿನ ಗುರುತು ಅಷ್ಟೆ. ದುಡ್ಡಿನ ಹೊಣೆ ಇರುವುದು 13 ಅಂಕಿಯಲ್ಲಿ. ಮೊದಲ ಮೂರು ಅಂಕಿ ಟಿಕೆಟ್ ಹೊರಡಿಸಿದ ಕಂಪನಿಯದ್ದು: 125 ಇದ್ದರೆ ಬ್ರಿಟಿಷ್ ಏರ್‌ವೇಸ್, 220 ಲುಫ್ತಾನ್ಸಾ, 176 ಎಮಿರೇಟ್ಸ್, 618 ಸಿಂಗಾಪುರ ಏರ್‌ಲೈನ್ಸ್. ಯಾರ ವಿಮಾನದಲ್ಲಿ ಕೂತರೂ, ಹೊರಡುವ ಮೊದಲು ಎಡವಟ್ಟಾದರೆ ಟಿಕೆಟ್ ಬದಲಿಸಿ ಕೊಡಬೇಕಾದವರು ಆ ಮೂರಂಕಿಯವರು. ನನ್ನ ಟಿಕೆಟ್ಟು ಮಾರಿದವರದ್ದು. ಹಾಗಾದರೆ ಏಜೆಂಟರ ಕಡೆ ಬೆರಳು ತೋರಿಸುವ ಅವರ ಮಾತು ಅರ್ಧ ಸತ್ಯ. ಅರ್ಧವಾದರೂ ನಿಜ ಏಕೆಂದರೆ, ಏಜೆಂಟರ ಮೂಲಕ ಕೊಂಡದ್ದನ್ನು ಎಷ್ಟೋ ಕಂಪನಿಗಳು ಪ್ರಯಾಣದ ದಿನ ಹತ್ತಿರವಾಗುವ ತನಕ ಮುಟ್ಟಲು ಹಿಂಜರಿಯುತ್ತವೆ. ನಡುವಿನವರಿಂದ ಕೊಂಡು ನಾನು ಉಳಿಸಿದ್ದು ಸಣ್ಣ ಮೊತ್ತ. ಆ ಉಳಿತಾಯದ ಬೆಲೆ ಏನೆಂದು ಜೂನ್‌ನಲ್ಲಿ ಗೊತ್ತಾಯಿತು.

ಮೂರನೇ ದಿನ ಮಾರಿದವರ ಕಡೆಯ ಒಬ್ಬ ಹೆಣ್ಣುಮಗಳು ಸಿಕ್ಕಳು. ಅವಳ ಮೊದಲ ಪ್ರಶ್ನೆಯೇ ಬೇರೆ ಇತ್ತು.

“ಮೇಡಂ, ಆ ಹಸಿರು ಬಟನ್ ಒತ್ತಿದ್ದೀರಾ?”

“ಇಲ್ಲ.”

“ಸದ್ಯ. ಒತ್ತಬೇಡಿ.”

ಒತ್ತಿದ್ದರೆ ಆ 55 ನಿಮಿಷವನ್ನು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಆಮೇಲೆ ಏನು ಬದಲಿಸಿದರೂ ಅದು ನನ್ನ ಇಷ್ಟದ ಬದಲಾವಣೆ, ಶುಲ್ಕ ನನ್ನ ಮೇಲೆ. ಒತ್ತದೇ ಇದ್ದರೆ ಅದು ಕಂಪನಿ ಮಾಡಿದ ಬದಲಾವಣೆ. ಆಗ ಬೇರೆ ದಾರಿ ಕೊಡಿ ಎಂದೋ ಹಣ ವಾಪಸ್ ಕೊಡಿ ಎಂದೋ ಕೇಳುವ ಹಕ್ಕು ಕೈಯಲ್ಲಿ ಉಳಿಯುತ್ತದೆ. ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂಬುದರ ಮೇಲೆ ಆ ಹಕ್ಕಿನ ಗಟ್ಟಿತನ ಬದಲಾಗುತ್ತದೆ. ಅಮೆರಿಕಕ್ಕೆ ಹೋಗಿಬರುವ ವಿಮಾನಗಳ ಮಟ್ಟಿಗೆ ಅಲ್ಲಿನ ಸರ್ಕಾರದ 2024ರ ನಿಯಮ ಸ್ಪಷ್ಟವಾಗಿದೆ: ಅಂತರರಾಷ್ಟ್ರೀಯ ಪ್ರಯಾಣ ಆರು ಗಂಟೆ ಅಥವಾ ಹೆಚ್ಚು ಹಿಂದುಮುಂದಾದರೆ, ಇಲ್ಲವೇ ನಡುವೆ ಇಳಿದು ಹತ್ತುವ ನಿಲ್ದಾಣಗಳ ಸಂಖ್ಯೆ ಹೆಚ್ಚಿದರೆ, ಹೊಸ ಏರ್ಪಾಡು ಒಪ್ಪದವರಿಗೆ ಹಣ ವಾಪಸ್ ಸಿಗಬೇಕು.

ಅವಳು ಮಾಡಿದ ಕೆಲಸ ಕೇಳಿ. ಎರಡು ಕಂಪನಿಗಳ ಕೋಡ್‌ಶೇರ್ ಮುರಿದಿತ್ತು, ಇಂಟರ್‌ಲೈನ್ ಒಪ್ಪಂದ ಮುರಿದಿರಲಿಲ್ಲ. ಕೋಡ್‌ಶೇರ್ ಎಂದರೆ ನಿನ್ನ ವಿಮಾನಕ್ಕೆ ನನ್ನ ನಂಬರು. ಇಂಟರ್‌ಲೈನ್ ಅದಕ್ಕಿಂತ ಹಳೆಯ, ಸಾದಾ ಸಂಬಂಧ: ನಂಬರು ನಿನ್ನದೇ ಇರಲಿ, ನನ್ನ ಟಿಕೆಟ್ಟಿನಲ್ಲಿ ನಿನ್ನ ವಿಮಾನವನ್ನೂ ಸೇರಿಸಿ ಬರೆಯುತ್ತೇನೆ, ಲಗೇಜು ಕೊನೆಯ ತನಕ ಕಳಿಸೋಣ. ಹಾಗಾಗಿ ಅವಳು ನಮ್ಮನ್ನು ಹಾರಿಸಿದವರ ನಂಬರಿನಲ್ಲೇ, ಮೊದಲು ಕೊಂಡಿದ್ದ ಅದೇ ವಿಮಾನಗಳಿಗೆ ವಾಪಸ್ ಹಾಕಿದಳು. ಅದೇ ದಿನ, ಅದೇ ಹೊತ್ತು, ಅದೇ ರೆಕ್ಕೆ. ಬದಲಾದದ್ದು ನಾಲ್ಕಂಕಿ ಹೋಗಿ ಮೂರಂಕಿ ಆದದ್ದು. ಇಷ್ಟಕ್ಕೆ ಮೂರು ದಿನ. ಅವಳ ಹೆಸರು ಕೇಳಿಕೊಳ್ಳಲು ಮರೆತೆ, ಮಾರಿದವರ ಎರಡೂವರೆಯಲ್ಲಿ ಎರಡು ಅವಳದ್ದು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಎರಡು ದಿನ ಬಿಟ್ಟು, ರೂಢಿಬಲದಿಂದ, ಹಾರಿಸಿದವರ ವೆಬ್‌ಸೈಟಿನಲ್ಲಿ ನೋಡಿದೆ. (ಅಲ್ಲಿ ನೋಡಲು ಅವರದ್ದೇ ಆದ ಬೇರೆ ಪಿಎನ್‌ಆರ್ ಬೇಕು. ಒಂದೇ ಪ್ರಯಾಣಕ್ಕೆ ಎರಡೆರಡು ಪಿಎನ್‌ಆರ್ ಇರುತ್ತವೆ ಎಂದು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿ ಬರೆದುಕೊಳ್ಳಬೇಕು.) ಸೀಟು ಖಾತರಿಯಾಗಿದೆ ಎಂದು ಕಾಣುತ್ತಿತ್ತು, ಟಿಕೆಟ್ ನಂಬರಿನ ಜಾಗ ಖಾಲಿ. ಅಂದರೆ ಬುಕಿಂಗಿನಲ್ಲಿ ಹೊಸ ವಿಮಾನ ಕೂತಿದೆ, ಟಿಕೆಟ್ಟಿನಲ್ಲಿ ಇನ್ನೂ ಹಳೆಯ ನಂಬರುಗಳೇ ಇವೆ. ನಮ್ಮ ಕೆಲಸದಲ್ಲಿ ಪುಟ ಹಿಂದುಮುಂದಾದ ಮೇಲೆ ಪರಿವಿಡಿ ತಿದ್ದುವುದನ್ನು ಮರೆಯುತ್ತಾರಲ್ಲ, ಥೇಟ್ ಅದೇ. ಪುಸ್ತಕದಲ್ಲಾದರೆ ಓದುಗ ಬೈದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾನೆ. ಇಲ್ಲಿ ಚೆಕ್‌ಇನ್ ಕೌಂಟರಿನಲ್ಲಿ, ನಿಮ್ಮ ಹೆಸರಿದೆ, ಟಿಕೆಟ್ ಇಲ್ಲ, ಪಕ್ಕಕ್ಕೆ ನಿಲ್ಲಿ ಅನ್ನುತ್ತಾರೆ. ಮತ್ತೆ ಫೋನು, ಮತ್ತೆ ಪಿಯಾನೋ. ಟಿಕೆಟ್ಟನ್ನು ರೀಇಶ್ಯೂ ಮಾಡಿ ಎಂದು ಆ ಪದವನ್ನೇ ಹಿಡಿದು ಕೇಳಿದ ಮೇಲೆ ಹತ್ತು ನಿಮಿಷದಲ್ಲಿ ಆಯಿತು.

ಅಷ್ಟರಲ್ಲಿ ಅಮ್ಮನ ವೀಲ್‌ಚೇರ್ ಕೋರಿಕೆ ಕಳೆದುಹೋಗಿತ್ತು. ಅದನ್ನು ಹಳೆಯ ನಂಬರಿನ ವಿಮಾನಗಳಿಗೆ ಅಂಟಿಸಿದ್ದರು, ವಿಮಾನಗಳ ಜೊತೆ ಅದೂ ಅಳಿಸಿಹೋಯಿತು. ಮಾರಿದವರ ಪರದೆಯಲ್ಲಿ ‘ಇದೆ’, ಹಾರಿಸಿದವರ ಪರದೆಯಲ್ಲಿ ‘ಇಲ್ಲ’. ನಾನು ಖುದ್ದಾಗಿ ಹಾರಿಸಿದವರಿಗೇ ಫೋನ್ ಮಾಡಿ ಎರಡು ವಿಮಾನಕ್ಕೂ ಬೇರೆಬೇರೆಯಾಗಿ ಹಾಕಿಸಿದೆ. ಮೊದಲೇ ದುಡ್ಡು ಕೊಟ್ಟು ಆರಿಸಿದ್ದ ಎರಡು ಸೀಟುಗಳೂ ಮಾಯವಾಗಿದ್ದವು. ಅವನ್ನು ಹಾರಿಸಿದವರ ಬಳಿ ಮತ್ತೊಮ್ಮೆ ದುಡ್ಡು ಕೊಟ್ಟು ತೆಗೆದುಕೊಂಡೆ. ಸೀಟಿನ ಕಥೆಗೆ ಆಮೇಲೆ ಬರುತ್ತೇನೆ.

ಈ ಓಡಾಟದ ನಡುವೆ, ಹಟಕ್ಕೆ ಬಿದ್ದವಳ ಹಾಗೆ ವಿಮಾನ ಕಂಪನಿಗಳ ಕೂಡುವಿಕೆ ಮುರಿಯುವಿಕೆಯ ಚರಿತ್ರೆ ಓದಿದೆ. 1993ರಲ್ಲಿ ಕೆಎಲ್‌ಎಂ ಮತ್ತು ನಾರ್ತ್‌ವೆಸ್ಟ್ ಕಂಪನಿಗಳು ಜೊತೆಯಾಗಿ ದರ ಮತ್ತು ವೇಳಾಪಟ್ಟಿ ಮಾಡಲು ಅಮೆರಿಕದ ಅನುಮತಿ ಪಡೆದದ್ದು ಇದರಲ್ಲಿ ದೊಡ್ಡ ತಿರುವು. 1997ರಲ್ಲಿ ಐದು ಕಂಪನಿಗಳು ಸೇರಿ ಸ್ಟಾರ್ ಅಲಯನ್ಸ್ ಎಂಬ ಕೂಟ ಕಟ್ಟಿದವು, 1999ರಲ್ಲಿ ಒನ್‌ವರ್ಲ್ಡ್ ಶುರುವಾಯಿತು, 2000ದಲ್ಲಿ ಸ್ಕೈಟೀಮ್. ಇವು ಕಲ್ಲಿನ ಮೇಲೆ ಕೆತ್ತಿದ ಕೂಟಗಳು ಎಂದು ನಾನು ತಿಳಿದಿದ್ದೆ. ಸ್ಟಾರ್ ಕಟ್ಟಿದ ಐವರಲ್ಲಿ ಒಂದಾದ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್, 2024ರ ಆಗಸ್ಟ್ 31ಕ್ಕೆ ಅದನ್ನು ಬಿಟ್ಟು ಮರುದಿನವೇ ಸ್ಕೈಟೀಮ್ ಸೇರಿತು. ರಾತ್ರಿ ಬೆಳಗಾಗುವುದರೊಳಗೆ ಹಾರಿದಷ್ಟೂ ಅದರ ಸದಸ್ಯರ ಖಾತೆಗೆ ಸೇರುವ ಪಾಯಿಂಟುಗಳು ಸ್ಟಾರ್ ಕೂಟದ ಲುಫ್ತಾನ್ಸಾ ಬಿಟ್ಟು ಸ್ಕೈಟೀಮಿನ ಏರ್ ಫ್ರಾನ್ಸ್ ಕಡೆ ನಡೆಯತೊಡಗಿದವು. ಹೊಸ ಮನೆಗೆ ಒಗ್ಗಿಸಲೆಂದೋ ಏನೋ, ಆ ವರ್ಷದ ಕೊನೆಯೊಳಗೆ ಸ್ಕೈಟೀಮಿನ 15 ಕಂಪನಿಗಳಲ್ಲಿ ಹಾರಿದವರಿಗೆ ಹತ್ತು ಲಕ್ಷ ಪಾಯಿಂಟು ಎಂದು ಪಂಥ ಬೇರೆ ಕಟ್ಟಿತು. ದಕ್ಷಿಣ ಅಮೆರಿಕದ ಲಾಟಾಮ್‌ನಲ್ಲಿ ಸ್ಕೈಟೀಮಿನ ಡೆಲ್ಟಾ ಶೇಕಡಾ 20ರ ಪಾಲು ಕೊಂಡ ಮೇಲೆ ಲಾಟಾಮ್ 2020ರ ಮೇ ತಿಂಗಳಲ್ಲಿ ಒನ್‌ವರ್ಲ್ಡ್ ಬಿಟ್ಟಿತು. 2019ರ ಮೊದಲ ದಿನ ಚೈನಾ ಸದರ್ನ್ ಸ್ಕೈಟೀಮಿನಿಂದ ಹೊರಬಂತು. ಆಸ್ಟ್ರೇಲಿಯಾದ ಕ್ವಾಂಟಾಸ್ 2013ರಲ್ಲಿ ಎಮಿರೇಟ್ಸ್ ಜೊತೆ ಸೇರಿ ಲಂಡನ್ನಿಗೆ ಹೋಗುವ ತನ್ನ ವಿಮಾನಗಳನ್ನು ಸಿಂಗಾಪುರದ ಬದಲು ದುಬೈ ಮೇಲೆ ತಿರುಗಿಸಿತು, 2018ರಲ್ಲಿ ಮತ್ತೆ ಸಿಂಗಾಪುರಕ್ಕೇ ಮರಳಿತು. ಆ ಐದು ವರ್ಷದಲ್ಲಿ ಎಷ್ಟು ಜನರ ಕಾಲು ಚಾಚುವ ಊರು ಬದಲಾಗಿರಬೇಡ. ಟಿಕೆಟ್ಟನ್ನು ಏಳೆಂಟು ತಿಂಗಳು ಮೊದಲೇ ಕೊಳ್ಳುವ ನಾನು, ಈ ಸಂಬಂಧಗಳು ಅಷ್ಟು ದಿನ ಬಾಳುತ್ತವೆ ಎಂದು ಪಣ ಕಟ್ಟುತ್ತಿದ್ದೆ. ಪಣ ಕಟ್ಟುತ್ತಿದ್ದೇನೆ ಎಂದು ತಿಳಿಯದೆಯೇ.

ಪ್ರಯಾಣದ ದಿನಕ್ಕೆ ಬರೋಣ. ಮೊದಲ ವಿಮಾನ, ಅಂದರೆ ಮಾರಿದವರದ್ದೇ ಸ್ವಂತದ್ದು, ಎರಡು ಗಂಟೆ ತಡ. ನಮಗೆ ನಡುವೆ ಇದ್ದದ್ದು ಒಂದು ಗಂಟೆ ಐವತ್ತು ನಿಮಿಷ. ಇಳಿಯುವಷ್ಟರಲ್ಲಿ ಒಂಬತ್ತು ಗಂಟೆಯ ವಿಮಾನ ಹೊರಟಾಗಿತ್ತು. ಜೂನ್‌ನಲ್ಲಿ ಸಿಟ್ಟಿನ ಭರದಲ್ಲಿ, ಎರಡು ಬೇರೆ ಟಿಕೆಟ್ ಕೊಂಡು ನಾನೇ ಜೋಡಿಸಿಕೊಳ್ಳುತ್ತೇನೆ ಎಂದು ಹೊರಟಿದ್ದೆ. ಹಾಗೆ ಮಾಡಿದ್ದರೆ ಎರಡನೇ ಟಿಕೆಟ್ಟು ಆ ಕ್ಷಣಕ್ಕೇ ರದ್ದಿ ಕಾಗದ. ಎಲ್ಲವೂ ಒಂದೇ ಟಿಕೆಟ್ಟಿನಲ್ಲಿದ್ದದ್ದು ಇಲ್ಲಿ ಕಾಪಾಡಿತು. ಬಾಗಿಲಲ್ಲೇ ಅಮ್ಮನ ಹೆಸರು ಬರೆದ ಹಲಗೆ ಹಿಡಿದು ವೀಲ್‌ಚೇರಿನವರು ನಿಂತಿದ್ದರು. ನೇರ ಹಾರಿಸಿದವರ ಟ್ರಾನ್ಸ್‌ಫರ್ ಕೌಂಟರಿಗೆ ತಳ್ಳಿಕೊಂಡು ಹೋದರು. ಕೌಂಟರಿನವರು ಮಾರಿದವರನ್ನು ಬೈಯಲಿಲ್ಲ, ಅವರನ್ನು ಕೇಳಿ ಅನ್ನಲಿಲ್ಲ, ಕೀಬೋರ್ಡು ಕುಟ್ಟಿ ಆರು ಗಂಟೆ ನಂತರದ ತಮ್ಮದೇ ವಿಮಾನದಲ್ಲಿ ಅಕ್ಕಪಕ್ಕದ ಎರಡು ಸೀಟು ಕೊಟ್ಟರು. ಒಪ್ಪಂದ ಮುರಿದುಕೊಂಡ ಕಂಪನಿಯ ತಡಕ್ಕೆ ಇವರು ಹೆಗಲು ಕೊಟ್ಟರಲ್ಲ ಎಂದು ನಾಲ್ಕು ಅಂಕ.

ಕಾಯುವಾಗ ಅಮ್ಮ ಗೇಟಿನ ಮೇಲಿನ ಬೋರ್ಡನ್ನೇ ನೋಡುತ್ತಿದ್ದಳು. ಒಂದಾದ ಮೇಲೊಂದು ನಾಲ್ಕು ಕಂಪನಿಯ ನಂಬರುಗಳು ಬಂದುಹೋಗುತ್ತಿದ್ದವು.

“ಇಷ್ಟು ವಿಮಾನ ಇದೊಂದೇ ಬಾಗಿಲಿಂದ ಹೋಗುತ್ತವೇನೇ?”

“ಇಲ್ಲಮ್ಮ, ವಿಮಾನ ಒಂದೇ. ಹೆಸರು ನಾಲ್ಕು.”

“ಹಾಗಾದರೆ ಕೆಟ್ಟುಹೋದರೆ ಯಾರನ್ನ ಕೇಳಬೇಕು?”

ಫೆಬ್ರವರಿಯಲ್ಲಿ ಟಿಕೆಟ್ ಕೊಳ್ಳುವಾಗ ಪಕ್ಕದಲ್ಲಿ ಅವಳನ್ನು ಕೂರಿಸಿಕೊಂಡಿದ್ದರೆ ಚೆನ್ನಾಗಿತ್ತು. ಅವಳ ಪ್ರಶ್ನೆಗೆ ಉತ್ತರ ನಾವು ಏನು ಕೇಳುತ್ತಿದ್ದೇವೆ ಎಂಬುದರ ಮೇಲಿದೆ. ತಡಕ್ಕೆ ಪರಿಹಾರ ಎಂದಾದರೆ, ಯುರೋಪಿಯನ್ ಒಕ್ಕೂಟದ 261/2004 ನಿಯಮ ನೋಡುವುದು ವಿಮಾನ ನಡೆಸಿದವರನ್ನು, ನಂಬರು ಅಂಟಿಸಿದವರನ್ನಲ್ಲ. ಒಂದು ಉದಾಹರಣೆ: ನ್ಯೂಯಾರ್ಕಿನಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾ ನಂಬರಿನ ಟಿಕೆಟ್ ಕೊಂಡಿದ್ದೀರಿ. ಲುಫ್ತಾನ್ಸಾದ್ದೇ ವಿಮಾನವಾಗಿ, ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆಗೂ ಹೆಚ್ಚು ತಡವಾದರೆ 600 ಯೂರೋ. ಅದೇ ನಂಬರಿನ ಕೆಳಗೆ ಹಾರಿದ್ದು ಅಮೆರಿಕದ ಯುನೈಟೆಡ್‌ನ ವಿಮಾನವಾದರೆ ಆ ನಿಯಮದಡಿ ಏನೂ ಇಲ್ಲ, ಏಕೆಂದರೆ ಹೊರಗಿನಿಂದ ಯುರೋಪಿಗೆ ಬರುವಾಗ ಅದು ಯುರೋಪಿನ ಕಂಪನಿಗಳಿಗಷ್ಟೇ ಅನ್ವಯ. ಬೂದು ಬಣ್ಣದ ಆ ಸಾಲಿಗೆ ಎಷ್ಟು ತೂಕ ನೋಡಿ. ಲಗೇಜಿನ ವಿಷಯದಲ್ಲಿ, ಅಂತರರಾಷ್ಟ್ರೀಯ ವಿಮಾನಯಾನಕ್ಕೆಂದು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದ ಉದಾರಿ, ಟಿಕೆಟ್ ಮಾರಿದವರನ್ನೂ ಹಿಡಿಯಬಹುದು, ಹಾರಿಸಿದವರನ್ನೂ ಹಿಡಿಯಬಹುದು. ಹಾಳಾಗಿ ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಬರೆದು ಕೊಡಬೇಕು, ಅಷ್ಟೆ. ನಮ್ಮ ಎರಡು ಪೆಟ್ಟಿಗೆಗಳು ನಮಗಿಂತ ಮೊದಲೇ ತಲುಪಿ ಬೆಲ್ಟಿನ ಪಕ್ಕ ಕಾಯುತ್ತಿದ್ದವು. ಅದರ ಬಗ್ಗೆ ದೂರಿಲ್ಲ.

ಪಾಯಿಂಟಿನ ಬಗ್ಗೆ ಇದೆ. ಮಾರಿದವರ ಸದಸ್ಯತ್ವಕ್ಕೆ ಮೊದಲ ವಿಮಾನದ ಪಾಯಿಂಟು ಮಾತ್ರ ಬಂತು. ಉಳಿದೆರಡಕ್ಕೆ, ಅದು ಪಾಲುದಾರರ ವಿಮಾನವಲ್ಲ ಎಂಬ ಉತ್ತರ. ವಿಮಾನ ಬದಲಿಸಿದ್ದು ನೀವೇ ತಾನೆ, ನಾನು ಮೊದಲು ಕೊಂಡಿದ್ದ ಟಿಕೆಟ್ಟಿನ ಲೆಕ್ಕದಲ್ಲಿ ಕೊಡಿ ಎಂದು ಹಳೆಯ ರಸೀದಿ, ಹೊಸ ರಸೀದಿ, ಬೋರ್ಡಿಂಗ್ ಪಾಸುಗಳ ಚಿತ್ರ ಸಮೇತ ಬರೆದೆ. ಮೂರು ವಾರಕ್ಕೆ ಪೂರ್ತಿ ಬಂತು. ಕೇಳದಿದ್ದವರಿಗೆ ಬರುವುದಿಲ್ಲ, ಬೋರ್ಡಿಂಗ್ ಪಾಸು ಬಿಸಾಡಿದವರಿಗೂ ಬರುವುದಿಲ್ಲ.

ಇನ್ನು ಮುಂದೆ ಕೋಡ್‌ಶೇರ್ ಟಿಕೆಟ್ ಕೊಳ್ಳುತ್ತೇನೆಯೇ? ಕೊಳ್ಳುತ್ತೇನೆ, ಅನಿವಾರ್ಯ. ಆದರೆ ಅತಿ ಉದ್ದದ ಹಾರಾಟ ಯಾರದ್ದೋ ಅವರ ವೆಬ್‌ಸೈಟಿನಲ್ಲೇ ಮೊದಲು ನೋಡುತ್ತೇನೆ. ವಾಪಸ್ ಬಂದ ಮೇಲೆ ಕುತೂಹಲಕ್ಕೆ ಒಂದೇ ವಿಮಾನವನ್ನು ಎರಡು ಕಂಪನಿಗಳ ನಂಬರಿನಲ್ಲಿ ಹುಡುಕಿದೆ, ಬೆಲೆ ಬೇರೆಬೇರೆ ಇತ್ತು. ಪ್ರತಿ ಕಂಪನಿಯೂ ಸೀಟುಗಳನ್ನು ತನ್ನದೇ ದರ್ಜೆಗಳಲ್ಲಿ ಇಟ್ಟು ಮಾರುತ್ತದೆ, ಒಬ್ಬರಲ್ಲಿ ಅಗ್ಗದ ದರ್ಜೆ ಮುಗಿದಿದ್ದರೂ ಇನ್ನೊಬ್ಬರಲ್ಲಿ ಉಳಿದಿರಬಹುದು. ವ್ಯತ್ಯಾಸ ಸಣ್ಣದಿದ್ದರೆ ಹಾರಿಸುವವರಿಗೇ ದುಡ್ಡು ಕೊಡುವುದು ಮೇಲು. ದೊಡ್ಡದಿದ್ದರೆ ಮಾರುವವರ ಬಳಿ ಕೊಳ್ಳಿ, ಇಬ್ಬರ ಪಿಎನ್‌ಆರನ್ನೂ ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ಎರಡು ಕಡೆಯೂ ಇಣುಕುತ್ತಿರಿ.

ಸೀಟಿನ ಹಣ. ಸೀಟಿಗೆ ಕೊಟ್ಟ ದುಡ್ಡು ಟಿಕೆಟ್ಟಿನೊಳಗೆ ಸೇರುವುದಿಲ್ಲ, ಅದಕ್ಕೆ ಬೇರೆಯೇ 13 ಅಂಕಿಯ ದಾಖಲೆ ಇರುತ್ತದೆ, ಇಎಂಡಿ ಅನ್ನುತ್ತಾರೆ. ಟಿಕೆಟ್ ರೀಇಶ್ಯೂ ಆದಾಗ ಅದು ಒಂಟಿಯಾಗಿ ಹಿಂದೆ ಉಳಿದುಬಿಟ್ಟಿತ್ತು. ಅದರ ನಂಬರು ಹಾಕಿ ವಾಪಸ್ ಕೇಳಿ ನಾಲ್ಕು ಸಲ ಬರೆದೆ. ಡಿಸೆಂಬರಿನಲ್ಲಿ ಮಾರಿದವರ ಉತ್ತರ ಬಂತು: ‘ಈ ಸೇವೆ ಒದಗಿಸುವವರು ನಮ್ಮ ಪಾಲುದಾರರು. ದಯವಿಟ್ಟು ಅವರನ್ನು ಸಂಪರ್ಕಿಸಿ.’ ಪಾಲುದಾರಿಕೆ ಮುಗಿದು ಐದು ತಿಂಗಳಾಗಿತ್ತು. ಆ ಮೇಲನ್ನು ಪ್ರಿಂಟ್ ತೆಗೆದು, ‘ಪಾಲುದಾರರು’ ಎಂಬ ಪದದ ಸುತ್ತ ಕೆಂಪು ಶಾಯಿಯಲ್ಲಿ ಗುಂಡು ಹಾಕಿ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು, ಫೋಟೋ ತೆಗೆದು ವಾಪಸ್ ಕಳಿಸಿದ್ದೇನೆ. ತಿದ್ದುಪಡಿ ಇನ್ನೂ ಬಂದಿಲ್ಲ.